ಕಲೆಯಕ್ಕ ಕೊಂಡ ಪುಟ್ಟ ಬಾಟಲಿ

ಬಟ್ಟೆಯ ಕಲೆ ತೆಗೆಯುವವರಲ್ಲಿ ಎರಡು ಬಗೆ. ಬಟ್ಟೆ ಉಳಿಸಿ ಕಲೆ ತೆಗೆಯುವವರು ಒಂದು ಬಗೆ, ಕಲೆಯ ಜೊತೆಗೆ ಬಟ್ಟೆಗೂ ಮೋಕ್ಷ ಕಾಣಿಸುವವರು ಇನ್ನೊಂದು ಬಗೆ. ಆ ಲಾಂಡ್ರಿಯ ಹಿಂಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ನಿಂತು ಕೆಲಸ ಮಾಡುತ್ತಿದ್ದವಳು ಮೊದಲ ಬಗೆಯವಳು. ಎಲ್ಲರೂ ಅವಳನ್ನು ಕಲೆಯಕ್ಕ ಎನ್ನುತ್ತಿದ್ದರು. ಅವಳಿಗಿಂತ ಹದಿನೈದು ವರ್ಷ ದೊಡ್ಡವನಾದ ಇಸ್ತ್ರಿ ಮಾವನೂ ಅಕ್ಕ ಎಂದೇ ಕರೆಯುತ್ತಿದ್ದ, ಅವಳು ಅವನನ್ನು ಮಾವ ಎನ್ನುತ್ತಿದ್ದಳು. ಈ ಸಂಬಂಧದ ಲೆಕ್ಕ ಬಿಡಿಸಲು ಹೋದವರು ಯಾರೂ ಅರ್ಧ ದಾರಿ ದಾಟಲಿಲ್ಲ.

ಅಂಗಿಯ ಮೇಲೆ ಒಂದು ಚುಕ್ಕೆ ಕಂಡರೆ ಸಾಕು, ಅದು ಚಹಾವೋ ಕಾಫಿಯೋ, ಸಕ್ಕರೆ ಎಷ್ಟು ಚಮಚ, ಕುಡಿಯುವಾಗ ಹೆಂಡತಿಯ ಜೊತೆ ಜಗಳ ನಡೆದಿತ್ತೋ ಇಲ್ಲವೋ, ಎಲ್ಲವನ್ನೂ ಕಲೆಯಕ್ಕ ಹೇಳಿಬಿಡುವಳು. ಒಮ್ಮೆ ಒಬ್ಬ ವಕೀಲರ ಕರಿ ಕೋಟನ್ನು ಬೆಳಕಿಗೆ ಹಿಡಿದು, "ಪಾಪ, ಈ ಕೇಸು ಸೋಲ್ತಾರೆ" ಎಂದಿದ್ದಳಂತೆ. ಸೋತರು. ತೋಳಿನಡಿ ಬೆವರು ಮೂರು ಪದರ ಕೂತಿತ್ತು, ಗೆಲ್ಲುವವರು ಅಷ್ಟು ಬೆವರುವುದಿಲ್ಲ ಎಂಬುದು ಅವಳ ಶಾಸ್ತ್ರ. ಅವಳ ಮೇಜಿನ ಮೂಲೆಯಲ್ಲಿ ಒಂದು ಚೀಟಿಯ ಕಟ್ಟು ಇತ್ತು. 'ಈ ಕಲೆ ಹೋಗುವುದಿಲ್ಲ, ಕ್ಷಮಿಸಿ' ಎಂದು ಅಚ್ಚಾಗಿದ್ದ ಚೀಟಿ. ಬೇರೆ ಲಾಂಡ್ರಿಗಳಲ್ಲಿ ಅಂಥ ಕಟ್ಟು ವಾರಕ್ಕೊಂದು ಖರ್ಚಾಗುತ್ತದೆ. ಕಲೆಯಕ್ಕ ಹತ್ತೊಂಬತ್ತು ವರ್ಷದಲ್ಲಿ ಹರಿದದ್ದು ಹನ್ನೊಂದು. ಕಟ್ಟಿನ ಅಂಚಿಗೆ ಗೆದ್ದಲು ಹತ್ತಿತ್ತು.

ಇಂಥವಳ ಎರಡೂ ಕೆನ್ನೆಯ ಮೇಲೆ ಬಂಗು. ಎಡಗೆನ್ನೆಯದು ಚಹಾದ ಲೋಟ ಇಟ್ಟು ಎತ್ತಿದಂತೆ ದುಂಡಗೆ, ಬಲಗೆನ್ನೆಯದು ಆ ಚಹಾ ಚೆಲ್ಲಿದಂತೆ ಉದ್ದಕ್ಕೆ. ಅವಳು ಅದರ ಬಗ್ಗೆ ತಲೆ ಕೆಡಿಸಿಕೊಂಡವಳೇ ಅಲ್ಲ. ತಲೆ ಕೆಡಿಸಿದ್ದು ಕೆಮ್ಮು.

ಆ ಹಿಂಕೋಣೆಗೆ ಕಿಟಕಿ ಇರಲಿಲ್ಲ. ಬಾಯ್ಲರಿನ ಉಗಿ ಒಂದು ಕಡೆ, ಕಲೆ ತೆಗೆಯುವ ಔಷಧಿಗಳ ಘಾಟು ಇನ್ನೊಂದು ಕಡೆ. ಒಳಗೆ ಬಂದ ನೊಣ ಅರ್ಧ ದಾರಿಯಲ್ಲೇ ಕೆಳಗೆ ಬೀಳುತ್ತಿತ್ತು. ದಾರಿ ತಪ್ಪಿ ಬಂದ ಸೊಳ್ಳೆಯೊಂದು ಕಚ್ಚುವ ಕಸುಬನ್ನೇ ಬಿಟ್ಟು ಹೋಯಿತೆಂದು ಇಸ್ತ್ರಿ ಮಾವ ಆಣೆ ಮಾಡಿ ಹೇಳುತ್ತಿದ್ದ. ಕಲೆಯಕ್ಕನಿಗೆ ಎರಡು ವರ್ಷದಿಂದ ಒಣ ಕೆಮ್ಮು. ಕೊನೆಗೆ ಆಸ್ಪತ್ರೆಗೆ ಹೋದಳು. ಡಾಕ್ಟರು ಅವಳ ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಅಷ್ಟು ಹೊತ್ತೂ ಅವಳು ನೋಡುತ್ತಿದ್ದದ್ದು ಅವರ ಬಿಳಿ ಕೋಟಿನ ಜೇಬಿನ ಕೆಳಗಿದ್ದ ನೀಲಿ ಶಾಯಿಯ ಕಲೆಯನ್ನು. ಮೂರು ವಾರದ್ದು, ಇನ್ನೂ ತೆಗೆಯಬಹುದು.

"ಆ ಕೋಣೆ ಬಿಡಮ್ಮ" ಎಂದರು ಡಾಕ್ಟರು. "ನೀನು ಆ ಕೋಣೆಯೊಳಗಿದೀನಿ ಅಂದ್ಕೊಂಡಿದೀಯ. ಈಗ ಆ ಕೋಣೆ ನಿನ್ನೊಳಗಿದೆ. ಇನ್ನೊಂದೆರಡು ವರ್ಷ ಹೀಗೇ ಆದ್ರೆ ನನ್ನ ಹತ್ರ ಬಂದೂ ಪ್ರಯೋಜನ ಇಲ್ಲ."

ಕೋಣೆ ಬಿಟ್ಟು ಹೋಗುವುದೆಲ್ಲಿಗೆ? ಅದಕ್ಕೂ ಒಂದು ದಾರಿ ಕಂಡಿತು. ಅಂಗಡಿಯ ಮುಂಭಾಗದ ಕೌಂಟರಿನಲ್ಲಿ ಕೂರುತ್ತಿದ್ದ ಮುದುಕರು ಇನ್ನೆರಡು ತಿಂಗಳಲ್ಲಿ ಮಗಳ ಮನೆಗೆ ಹೋಗುವವರಿದ್ದರು. ಕೌಂಟರೆಂದರೆ ಬೀದಿಗೆ ತೆರೆದ ಜಾಗ. ಗಾಳಿ, ಬೆಳಕು, ಕೂರಲು ಕುರ್ಚಿ. ಬಟ್ಟೆ ಇಸಿದುಕೊಂಡು ರಸೀತಿ ಹರಿದು ಕೊಟ್ಟರಾಯಿತು. ಕಲೆಯಕ್ಕ ಧೈರ್ಯ ಮಾಡಿ ಯಜಮಾನರ ಮುಂದೆ ನಿಂತಳು.

ಯಜಮಾನರು ಒಂದು ಹನಿ ಸೋಪಿನ ನೀರು ನೆಲಕ್ಕೆ ಬಿದ್ದರೆ ಅದರ ಹಿಂದೆ ಚರಂಡಿಯವರೆಗೆ ನಡೆದು ಬೀಳ್ಕೊಡುವಂಥ ಮನುಷ್ಯರು. ಅವಳ ಮಾತನ್ನು ಕೇಳಿ ನಕ್ಕರು.

"ಕೌಂಟರಿಗೆ ನೀನಾ? ಯಾವ ಕಲೆ ಇದ್ರೂ ತೆಗೀತೀವಿ ಅಂತ ಮೇಲೆ ಬೋರ್ಡು, ಅದರ ಕೆಳಗೆ ಈ ಮುಖ! ಗಿರಾಕಿ ಏನಂದ್ಕೋತಾನಮ್ಮ? ಮೊದ್ಲು ಕೆನ್ನೆ ಮೇಲಿರೋದನ್ನ ತೆಗಿ. ಆಮೇಲೆ ನೋಡೋಣ."

ಬೇರೆ ಯಾರಾದರೂ ಆಗಿದ್ದರೆ ಅದು ಮೂಗಿಗೆ ತುಪ್ಪ ಸವರುವ ಮಾತೆಂದು ತಿಳಿಯುತ್ತಿದ್ದರು. ಆದರೆ ಕಲೆ ತೆಗಿ ಎಂದು ಯಾರಾದರೂ ಹೇಳಿದರೆ ಅದನ್ನು ಕೆಲಸವೆಂದು ಹಿಡಿಯುವುದು ಅವಳ ಹತ್ತೊಂಬತ್ತು ವರ್ಷದ ಅಭ್ಯಾಸ. ಬಂದ ಬಟ್ಟೆಗೆ ತಾರೀಖು ಬರೆದು ಪಿನ್ನು ಹಾಕುವಂತೆ ತನ್ನ ಮುಖಕ್ಕೂ ಮನಸ್ಸಿನಲ್ಲೇ ಒಂದು ಪಿನ್ನು ಹಾಕಿಕೊಂಡಳು: ಎರಡು ತಿಂಗಳು.

ಅವಳು ನಡೆದು ಹೋಗುವ ದಾರಿಯಲ್ಲಿ ಗಾಜಿನ ಬಾಗಿಲಿನ ಒಂದು ಅಂಗಡಿ ಇತ್ತು. ಮುಖಕ್ಕೆ ಹಚ್ಚುವ ಸಾಮಾನು ಬಿಟ್ಟರೆ ಬೇರೇನೂ ಅಲ್ಲಿ ಸಿಗದು. ಒಳಗೆ ನಿಂತಿದ್ದ ಹುಡುಗಿಯ ಮುಖ ಎಷ್ಟು ಹೊಳೆಯುತ್ತಿತ್ತೆಂದರೆ ಅವಳು ತಿರುಗಿದ ಕಡೆಯ ಕಪಾಟಿಗೆ ಬೇರೆ ದೀಪ ಬೇಕಿರಲಿಲ್ಲ. ಕಲೆಯಕ್ಕ ತನ್ನ ಕೆನ್ನೆ ತೋರಿಸಿದಳು. ಹುಡುಗಿ ಹೆಬ್ಬೆರಳಿನಷ್ಟು ಗಾತ್ರದ ಒಂದು ಬಾಟಲಿ ತೆಗೆದಿಟ್ಟಳು.

"ವಿಟಮಿನ್ ಸಿ ಸೀರಮ್ ಆಂಟಿ. ದಿನಾ ಬೆಳಗ್ಗೆ ನಾಲ್ಕು ಹನಿ."

"ಇದು ನಿಜವಾಗ್ಲೂ ಕಲೆ ತೆಗಿಯುತ್ತಾ?"

"ಬಂಗು ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ ಆಂಟಿ. ತಿಳಿಯಾಗಬಹುದು. ಆದ್ರೆ ಬಿಸಿಲಿಗೆ ಹೋಗ್ಬಾರ್ದು, ಬಿಸಿ ತಾಗಿಸ್ಕೋಬಾರ್ದು, ಬಾಟಲಿ ತಂಪಾಗಿರೋ ಕತ್ತಲಲ್ಲಿಡ್ಬೇಕು. ತೆರೆದ ಮೇಲೆ ಬೇಗ ಮುಗಿಸ್ಬೇಕು."

"ಬಿಸಿ ಅಂದ್ರೆ ಯಾವ ಬಿಸಿ?"

"ಒಲೆ ಮುಂದೆ ತುಂಬಾ ಹೊತ್ತು ನಿಲ್ಲೋದು, ಉಗಿ, ಅಂಥದ್ದು."

"ಉಗೀನೂ ಲೆಕ್ಕಕ್ಕಾ?"

"ನೀವು ಕೆಲಸ ಎಲ್ಲಿ ಮಾಡೋದು ಆಂಟಿ?"

"ಬಟ್ಟೆ ಅಂಗಡೀಲಿ" ಎಂದಳು ಕಲೆಯಕ್ಕ. ಪೂರ್ತಿ ಸುಳ್ಳೇನೂ ಅಲ್ಲ.

ಬೆಲೆ ಕೇಳಿದಾಗ ಕೆಮ್ಮು ಬಂತು, ಮಾಮೂಲಿ ಕೆಮ್ಮಲ್ಲ. ಹದಿನೈದು ದಿನದ ಸಂಬಳ! ಹಚ್ಚಿಕೊಳ್ಳುವಾಗ ಒಂದು ಸೀನು ಬಂದರೆ ಅರ್ಧ ದಿನದ ದುಡಿಮೆ ಗೋಡೆಗೆ ಹಾರುತ್ತದೆ. ಅವಳು ಕದಲದೆ ನಿಂತದ್ದನ್ನು ನೋಡಿ ಹುಡುಗಿಗೇ ಏನನ್ನಿಸಿತೋ, ಉಗುರಿನಷ್ಟಗಲದ ಒಂದು ಸ್ಯಾಂಪಲ್ ಪೊಟ್ಟಣ ಕೈಗೆ ತುರುಕಿದಳು. "ಇಟ್ಕೊಳ್ಳಿ ಆಂಟಿ. ಒಂದೈದಾರು ಹನಿ ಇರುತ್ತೆ."

ಮನೆಯಲ್ಲಿ ಗಂಡ ಬಸ್ಸಿನ ಡ್ಯೂಟಿ ಮುಗಿಸಿ ಕಾಲು ಚಾಚಿ ಕೂತಿದ್ದ. ಇಪ್ಪತ್ತೆಂಟು ವರ್ಷ ಸ್ಟಿಯರಿಂಗು ಹಿಡಿದು ಹಿಡಿದು, ಊಟದ ತಟ್ಟೆಯನ್ನೂ ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಎಡಕ್ಕೆ ತಿರುಗಿಸಿಯೇ ತಿನ್ನಲು ಶುರುಮಾಡುವ ಮನುಷ್ಯ.

"ಹದಿನೈದು ದಿನದ ಸಂಬಳ ರೀ" ಎಂದಳು.

"ಅಷ್ಟು ದುಡ್ಡಿಗೆ ಹಳೇ ಮುಖ ಇಸ್ಕೊಂಡು ಹೊಸಾದನ್ನೇ ಕೊಡ್ಬೇಕಲ್ಲೇ!"

"ತಮಾಷೆ ಸಾಕು. ತಗೊಳ್ಳೋದಾ ಬೇಡ್ವಾ, ಅದನ್ನ ಹೇಳಿ."

"ನನ್ನ ಕಣ್ಣಿಗೆ ನಿನ್ನ ಬಂಗು ಕಾಣೋದೇ ಇಲ್ಲ ಕಣೇ."

"ನಿಮ್ಮ ಕಣ್ಣಿಗೆ ಹೋದ ವರ್ಷ ಬಸ್ಸಿನ ಮುಂದಿದ್ದ ದೀಪದ ಕಂಬಾನೂ ಕಾಣ್ಲಿಲ್ಲ."

ಗಂಡ ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವಳಿಗೆ ಕೆಮ್ಮು ಶುರುವಾಯಿತು. ನಿಲ್ಲಲಿಲ್ಲ. ಪಕ್ಕದ ಮನೆಯವರು ರೇಡಿಯೋ ಜೋರು ಮಾಡಿದರು. ಗಂಡ ಎದ್ದು ನೀರು ತಂದು ಬೆನ್ನು ಸವರುತ್ತ ನಿಂತ. ಕೆಮ್ಮು ಇಳಿದ ಮೇಲೆ ಅವನು ತಮಾಷೆಯನ್ನು ಮುಂದುವರಿಸಲಿಲ್ಲ.

ಅವಳ ಕಸುಬಿನಲ್ಲಿ ಒಂದು ನಿಯಮವಿದೆ. ಹೊಸ ಔಷಧಿ ಯಾವುದೇ ಬರಲಿ, ಯಾರೇ ಹೊಗಳಲಿ, ಮೊದಲು ಕಣ್ಣಿಗೆ ಬೀಳದ ಒಳಹೊಲಿಗೆಯ ಮೇಲೆ ಒಂದು ಹನಿ. ಬಟ್ಟೆ ಸುಡಲಿಲ್ಲವೆಂದಾದರೆ ಆಮೇಲೆ ಕಲೆಗೆ. ಮುಖದ ಒಳಹೊಲಿಗೆ ಎಲ್ಲಿದೆ? ಯೋಚಿಸಿ ಕಿವಿಯ ಹಿಂದೆ ಒಂದು ಹನಿ ಹಚ್ಚಿ ಮಲಗಿದಳು. ಬೆಳಗ್ಗೆ ಉರಿಯಿಲ್ಲ, ಕೆಂಪಿಲ್ಲ. ಸುಡುವುದಿಲ್ಲವೆಂದು ಗೊತ್ತಾಯಿತು. ಕಲೆ ತೆಗೆಯುತ್ತದೋ? ಕೆನ್ನೆಯ ಮೇಲೆ ನೋಡಲು ತಿಂಗಳುಗಟ್ಟಲೆ ಬೇಕು, ಪೊಟ್ಟಣದಲ್ಲಿ ಉಳಿದದ್ದು ನಾಲ್ಕು ಹನಿ.

ಅವತ್ತು ಅವಳ ಮೇಜಿನ ಮೇಲೆ ಮೊದಲಿಗೆ ಬಂದದ್ದು ಒಂದು ಬಿಳಿ ಕೋಟು. ಜೇಬಿನ ಕೆಳಗಿನ ಶಾಯಿ ಕಂಡ ಕೂಡಲೇ ಯಾರದೆಂದು ತಿಳಿಯಿತು, ಅವಳ ಎದೆ ನೋಡಿದ ಡಾಕ್ಟರದು. ಜೊತೆಗೆ ತೋಳಿನ ಮೇಲೆ ಗಾಯಕ್ಕೆ ಹಚ್ಚುವ ಟಿಂಚರು ಅಂಗೈಯಗಲ ಚೆಲ್ಲಿತ್ತು. ಟಿಂಚರಿನ ಕಲೆ ಎಂದರೆ ನೆನೆಸಬೇಕು, ಕಾಯಬೇಕು, ಉಗಿ ಬಿಡಬೇಕು, ಮತ್ತೆ ನೆನೆಸಬೇಕು. ಅದು ಹೋಗುವುದು ಒಲ್ಲದ ನೆಂಟರು ಹೋದ ಹಾಗೆ, ಬಾಗಿಲಲ್ಲಿ ನಿಂತು ಒಂದು ಗಂಟೆ ಮಾತಾಡಿಯೇ.

ಕಲೆಯಕ್ಕ ಪೊಟ್ಟಣ ಹಿಂಡಿದಳು. ಹನಿ ಬಿದ್ದ ಜಾಗದಲ್ಲಿ ಕಂದು ಬಣ್ಣ ಕಣ್ಣೆದುರೇ ಮಾಯವಾಯಿತು. ಇನ್ನೊಂದು ಹನಿ, ಮತ್ತೊಂದು. ಹಚ್ಚಿ ಸವರಿದರೆ ತೋಳು ಹಾಲಿನಷ್ಟು ಬಿಳಿ.

ಪಕ್ಕದಲ್ಲಿದ್ದ ಇಸ್ತ್ರಿ ಮಾವ ಪೆಟ್ಟಿಗೆ ಎತ್ತಿ ಹಿಡಿದು ಹಾಗೇ ನಿಂತುಬಿಟ್ಟ. "ಏನ್ ಮಾಡ್ದೆ ಅಕ್ಕಾ? ಸಾಲ ಕೊಟ್ಟವನ್ನ ಕಂಡ ಹಾಗೆ ಓಡೋಯ್ತಲ್ಲ!"

ಆ ಗದ್ದಲಕ್ಕೆ ಯಜಮಾನರೂ ಬಂದರು. ಕೋಟು ಎತ್ತಿ ನೋಡಿದರು. "ಇಷ್ಟು ಬೇಗ ಹೇಗೆ ಹೋಯ್ತು? ಏನ್ ಹಾಕ್ದೆ?"

ಮುಖಕ್ಕೆ ಹಚ್ಚುವ ಸೀರಮ್ಮನ್ನು ಕೋಟಿಗೆ ಸುರಿದೆ ಎಂದು ಹೇಗೆ ಹೇಳುವುದು? ಇಸ್ತ್ರಿ ಮಾವನ ಬಾಯಿಗೆ ಬಿದ್ದರೆ ಸಾಯುವವರೆಗೂ ಬಿಡುವವನಲ್ಲ. ಅವಳು ಪೊಟ್ಟಣವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಏನಿಲ್ಲ ಯಜಮಾನ್ರೇ. ಕೈ ಅಭ್ಯಾಸ."

ಹತ್ತೊಂಬತ್ತು ವರ್ಷದಲ್ಲಿ ಅವಳು ಯಜಮಾನರಿಗೆ ಹೇಳಿದ ಒಂದೇ ಒಂದು ಸುಳ್ಳು ಅದು.

ಸಂಜೆಯೇ ಹೋಗಿ ಬಾಟಲಿ ಕೊಂಡಳು. ಟಿಂಚರನ್ನೇ ಓಡಿಸಿದ್ದು ಬಂಗನ್ನು ಬಿಟ್ಟೀತೇ? ಈ ತರ್ಕ ಲಾಂಡ್ರಿಯವರನ್ನು ಬಿಟ್ಟು ಬೇರೆಯವರಿಗೆ ಹೊಳೆಯದು. ಬಟ್ಟೆಯ ಕಲೆ ಹೊರಗಿನಿಂದ ಬಂದು ಕೂತದ್ದು. ಚರ್ಮದ ಕಲೆ ಒಳಗಿನಿಂದ ತಾನೇ ದಿನಾ ನೇಯ್ದುಕೊಳ್ಳುವುದು. ಅಷ್ಟು ಯೋಚಿಸಲು ಅವತ್ತು ಅವಳಿಗೆ ಪುರುಸೊತ್ತಿರಲಿಲ್ಲ. ದುಡ್ಡು ಹೊಂದಿಸಲು ಡಾಕ್ಟರು ಬರೆದುಕೊಟ್ಟಿದ್ದ ಕೆಮ್ಮಿನ ಔಷಧಿಯನ್ನು ಎರಡು ತಿಂಗಳು ಬಿಟ್ಟಳು. ಕೌಂಟರು ಸಿಕ್ಕರೆ ಕೆಮ್ಮು ತಾನೇ ನಿಲ್ಲುತ್ತದಲ್ಲ.

ಬಾಟಲಿ ಇಡಲು ತಂಪಾದ ಕತ್ತಲೆ ಬೇಕಿತ್ತು. ಅವರದು ಮೇಲಿನ ಮಹಡಿಯ ತಗಡಿನ ಮನೆ. ಮಧ್ಯಾಹ್ನ ಆ ತಗಡಿನ ಮೇಲೆ ಹಲ್ಲಿಯೂ ಎರಡು ಕಾಲು ಎತ್ತಿ ಎರಡು ಕಾಲಲ್ಲಿ ಓಡುತ್ತಿತ್ತು. ಕೆಟ್ಟು ಆರು ವರ್ಷವಾಗಿದ್ದ ಫ್ರಿಜ್ಜಿನಲ್ಲಿ ಗಂಡನ ಸಮವಸ್ತ್ರ ಮಡಿಸಿಡುತ್ತಿದ್ದರು. ಅದರೊಳಗೆ ಒದ್ದೆ ಬಟ್ಟೆ ಸುತ್ತಿ ಇಟ್ಟಳು. ಕತ್ತಲೆಯನ್ನು ಕೊಡಲು ಅವಳಿಂದಾಯಿತು, ತಂಪನ್ನು ಕೊಡಲಾಗಲಿಲ್ಲ. ನಾಲ್ಕು ಹನಿ ಅಂದಿದ್ದಳು ಹುಡುಗಿ. ಔಷಧಿ ಪೋಲು ಮಾಡಬಾರದೆಂಬ ಕಸುಬಿನ ಬುದ್ಧಿ ಬಿಡದೆ, ಕಲೆಯಕ್ಕ ಎರಡೇ ಹನಿ ಹಚ್ಚಿ ಒಂದು ತಿಂಗಳ ಬಾಟಲಿಯನ್ನು ಎರಡು ತಿಂಗಳಿಗೆ ಎಳೆದಳು.

ಹೋಗುವ ಕಲೆ ಮೊದಲು ಅಂಚಿನಲ್ಲಿ ಸಡಿಲವಾಗುತ್ತದೆ. ಇದು ಅವಳಿಗೆ ಗೊತ್ತಿತ್ತು. ಆದ್ದರಿಂದ ದಿನಾ ಬೆಳಗ್ಗೆ ಕನ್ನಡಿಯಲ್ಲಿ ಬಂಗಿನ ಅಂಚನ್ನೇ ನೋಡುವಳು. ಅಂಚು ಬೇಲಿ ಹಾಕಿದಂತೆ ಗಟ್ಟಿಯಾಗಿತ್ತು.

"ರೀ, ತಿಳಿಯಾಗಿದೆಯಾ?"

"ಆಗಿದೆ, ಆಗಿದೆ" ಎನ್ನುವನು ಗಂಡ, ಬೂಟಿನ ದಾರ ಕಟ್ಟುತ್ತ.

"ಮುಖ ನೋಡಿ ಹೇಳಿ."

ಅವನು ತಲೆ ಎತ್ತಿ ಬಹಳ ಹೊತ್ತು ನೋಡುವನು. "ಈ ಕಡೆ ಸ್ವಲ್ಪ ಆಗಿರೋ ಹಾಗಿದೆ" ಎನ್ನುವನು. ಯಾವ ಕಡೆ ಎಂದು ಅವಳು ಕೇಳುತ್ತಿರಲಿಲ್ಲ.

ಬದಲಾದದ್ದು ಬಾಟಲಿ. ತಂದ ದಿನ ನೀರಿನಂತಿದ್ದದ್ದು ಮೂರನೇ ವಾರಕ್ಕೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಆರನೇ ವಾರಕ್ಕೆ ತೆಳು ಚಹಾ, ಆಮೇಲೆ ಗಟ್ಟಿ ಚಹಾ. ಮುಖದ ಬಂಗು ತೆಗೆಯಲು ತಂದ ಬಾಟಲಿಗೇ ಬಂಗು ಬಂದಿತ್ತು. ಬಣ್ಣ ತಿರುಗಿದ ಔಷಧಿ ಸತ್ತ ಔಷಧಿ ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಪಾಠ ಹೇಳಿದವಳು ಅವಳೇ. ಗೊತ್ತಿದ್ದೂ ಹಚ್ಚಿದಳು. ಸತ್ತವರನ್ನೂ ಒಂದಷ್ಟು ಹೊತ್ತು ಹೆಸರು ಹಿಡಿದು ಕೂಗುವುದಿಲ್ಲವೇ, ಹಾಗೆ.

ಇತ್ತ ಲಾಂಡ್ರಿಗೆ ಆಸ್ಪತ್ರೆಯ ಬಟ್ಟೆ ಬರಲು ಶುರುವಾಗಿತ್ತು. ಮೊದಲು ಗಂಟು, ಆಮೇಲೆ ಮೂಟೆ, ಆಮೇಲೆ ಗಾಡಿ. ನೂರಾರು ಬಿಳಿ ಕೋಟು, ಒಂದೊಂದರ ಮೇಲೂ ಟಿಂಚರು, ರಕ್ತ, ಮುಲಾಮು. "ಆವತ್ತಿನ ಥರಾನೇ ಮಾಡಮ್ಮ, ಅದೇ ಕೈ" ಎನ್ನುವರು ಯಜಮಾನರು. ಸೀರಮ್ಮು ಸುರಿಯಲು ಅವಳೇನು ಮಹಾರಾಣಿಯೇ? ಹಳೆಯ ಔಷಧಿಗಳನ್ನೇ ಹಾಕಿ, ಕುತ್ತಿಗೆ ಇನ್ನಷ್ಟು ಬಗ್ಗಿಸಿ, ಉಗಿ ಇನ್ನಷ್ಟು ಬಿಟ್ಟು ತೆಗೆದಳು. ಕೆಮ್ಮು ಈಗ ಅವಳಿಗಿಂತ ಮೊದಲೇ ಕೆಲಸಕ್ಕೆ ಬಂದು ಕಾಯುತ್ತಿತ್ತು.

ಎರಡು ತಿಂಗಳು ಮುಗಿದ ದಿನ ಕೌಂಟರಿನ ಮುದುಕರು ಎಲ್ಲರಿಗೂ ಕೈಮುಗಿದು ಹೊರಟರು. ಕಲೆಯಕ್ಕ ಲಾಂಡ್ರಿಯ ಬಚ್ಚಲಿನಲ್ಲಿ ಮುಖ ತೊಳೆದು, ಮನೆಯಿಂದ ತಂದಿದ್ದ ಬಾಟಲಿಯನ್ನು ಪೂರ್ತಿ ಖಾಲಿ ಮಾಡಲು ಮನಸ್ಸಾಗದೆ ತಳದಲ್ಲಿ ನಾಲ್ಕಾರು ಹನಿ ಉಳಿಸಿ ಮಿಕ್ಕದ್ದನ್ನು ಹಚ್ಚಿಕೊಂಡು ಯಜಮಾನರ ಮುಂದೆ ನಿಂತಳು.

"ಎರಡು ತಿಂಗಳಾಯ್ತು ಯಜಮಾನ್ರೇ. ಆ ಕೌಂಟರಿನ ವಿಷಯ..."

"ಅದು ಇಸ್ತ್ರಿ ಮಾವಂಗೆ ಕೊಟ್ಟಾಯ್ತಲ್ಲಮ್ಮ. ನಾಳೆ ಇಸ್ತ್ರಿಗೆ ಮೆಷಿನ್ ಬರುತ್ತೆ. ಅವನನ್ನ ಇನ್ನೆಲ್ಲಿ ಕೂರಿಸ್ಲಿ?"

ಇಸ್ತ್ರಿ ಮಾವನ ಮುಖವೆಂದರೆ ಒಂದು ಮುಖವೇ? ಯಾವುದೋ ಕಾಲದಲ್ಲಿ ಕಾದ ಪೆಟ್ಟಿಗೆ ತಾಗಿ ಗಲ್ಲದಿಂದ ಕಿವಿಯವರೆಗೆ ಸುಟ್ಟು, ಆ ಮೂರುಮೂಲೆಯ ಗುರುತು ರಸ್ತೆಯ ಆಚೆಗೂ ಕಾಣುತ್ತಿತ್ತು.

"ಮಾವನ ಕೆನ್ನೆ ಮೇಲೂ ಇದೆಯಲ್ಲ ಯಜಮಾನ್ರೇ."

"ಇದ್ರೆ? ಗಿರಾಕಿ ಬರೋದು ಬಟ್ಟೆ ಕೊಡೋಕಾ, ಹೆಣ್ಣು ಕೊಡೋಕಾ?"

"ನೀವು ಆವತ್ತು ನನ್ನ ಮುಖ ನೋಡಿ ಹೇಳಿದ್ರಿ..."

"ನಾನಾ? ಏನಂದೆ?" ಯಜಮಾನರು ಆಗ ಅವಳ ಮುಖ ನೋಡಿದರು. "ಏನಾಗಿದೆ ನಿನ್ನ ಮುಖಕ್ಕೆ? ಚೆನ್ನಾಗೇ ಇದೆಯಲ್ಲ. ನಿನ್ನನ್ನ ಮುಂದೆ ಕೂರಿಸಿದ್ರೆ ಆಸ್ಪತ್ರೆ ಬಟ್ಟೆ ಯಾರು ಮಾಡ್ತಾರೆ ತಾಯಿ? ಅವರು ಬಂದಿದ್ದೇ ನಿನ್ನ ಕೈ ನೋಡಿ. ಆ ಡಾಕ್ಟ್ರ ಕೋಟು ನಿನ್ನ ಕೈಗೆ ಸಿಗದೇ ಇದ್ದಿದ್ರೆ ಆ ಮಾತೇ ಬೇರೆ ಇತ್ತು."

ಕಲೆಯಕ್ಕ ಸೆರಗಿನೊಳಗಿಂದ ಬಾಟಲಿ ತೆಗೆದು ಅವರ ಮುಂದೆ ಹಿಡಿದಳು.

"ಅದು ನನ್ನ ಕೈಯಲ್ಲ ಯಜಮಾನ್ರೇ. ಮುಖಕ್ಕೆ ಹಚ್ಚೋ ಔಷಧಿ. ಸುಳ್ಳು ಹೇಳ್ದೆ. ಇದನ್ನ ಯಾರು ಹಾಕಿದ್ರೂ ಹೋಗುತ್ತೆ. ಬನ್ನಿ, ತೋರಿಸ್ತೀನಿ."

ಯಜಮಾನರು ಹಿಂದೆ ಬಂದರು. ಇಸ್ತ್ರಿ ಮಾವನೂ ಬಂದ, ತಲೆ ಎತ್ತದೆ. ಅವಳು ಟಿಂಚರಿನ ಕಲೆಯಿದ್ದ ಕೋಟೊಂದನ್ನು ಮೇಜಿಗೆ ಹಾಸಿ, ಬಾಟಲಿಯ ಕೊನೆಯ ಹನಿಗಳನ್ನು ಅದರ ಮೇಲೆ ಬಿಟ್ಟಳು. ಮೂವರೂ ಬಗ್ಗಿ ನೋಡಿದರು. ಟಿಂಚರು ಇದ್ದಲ್ಲೇ ಇತ್ತು. ಸೀರಮ್ಮು ಅದರ ಸುತ್ತ ಚಹಾದ ಬಣ್ಣದಲ್ಲಿ ದುಂಡಗೆ ಹರಡಿಕೊಂಡಿತು. ಒಂದಿದ್ದ ಕಲೆ ಎರಡಾಯಿತು.

"ನೋಡಿದ್ಯಾ?" ಎಂದು ಯಜಮಾನರು ನಕ್ಕರು. "ಔಷಧೀಲಿ ಏನಿದೆಯಮ್ಮ? ಇರೋದೆಲ್ಲ ನಿನ್ನ ಕೈಯಲ್ಲಿ. ದೊಡ್ಡತನ ಬೇಡ ಅಂತ ಏನೇನೋ ಕಥೆ ಕಟ್ತೀಯ. ಅದನ್ನ ತೆಗೆದುಬಿಡು, ನಾಲ್ಕು ಗಂಟೆಗೆ ಗಾಡಿ ಬರುತ್ತೆ."

ಅವರು ಹೋದರು. ಇಸ್ತ್ರಿ ಮಾವ ನಿಂತೇ ಇದ್ದ. "ನಾನು ಕೇಳಿರಲಿಲ್ಲ ಅಕ್ಕ" ಎಂದ. "ಅವರೇ ಕೊಟ್ರು. ಬೇಡ ಅಂದ್ರೆ ಮನೆಗೆ ಹೋಗು ಅಂತಿದ್ರು."

"ಗೊತ್ತು ಮಾವ. ಹೋಗಿ ಕೂತ್ಕೋ. ಆ ಕುರ್ಚಿಯ ಒಂದು ಕಾಲು ಕುಂಟು, ಹುಷಾರು."

ಕೋಣೆಯಲ್ಲಿ ಕೋಟು, ಬಾಯ್ಲರು ಮತ್ತು ಅವಳು. ಒಂದು ಗಳಿಗೆ ಅವಳಿಗೆ ಒಂದು ಯೋಚನೆ ಬಂತು. ಉಗಿಯನ್ನು ಸ್ವಲ್ಪ ಹೆಚ್ಚು ಬಿಟ್ಟು, ಕುಂಚವನ್ನು ಸ್ವಲ್ಪ ಒತ್ತಿ ಎಳೆದರೆ ಸಾಕು, ಬಟ್ಟೆ ಚಿಂದಿಯಾಗುತ್ತದೆ. ಇಂಥ ನಾಲ್ಕು ಕೋಟು ಹರಿದರೆ ಆಸ್ಪತ್ರೆಯ ಗಾಡಿ ಬೇರೆ ದಾರಿ ನೋಡುತ್ತದೆ. ಅವಳು ಕುಂಚ ತೆಗೆದುಕೊಂಡಳು. ಒತ್ತಬೇಕೆಂದೇ ತೆಗೆದುಕೊಂಡಳು. ಆದರೆ ಕೈ ಕೇಳಲಿಲ್ಲ. ಹತ್ತೊಂಬತ್ತು ವರ್ಷ ಅಂಚಿನಿಂದ ನಡುವಿಗೆ, ಹಗುರವಾಗಿ, ನೂಲಿನ ಜಾಡು ಹಿಡಿದು ಹೋಗುವುದನ್ನು ಕಲಿತ ಕೈ ಹಾಗೆಯೇ ಹೋಯಿತು. ಮೊದಲು ಸೀರಮ್ಮಿನ ಕಲೆ ಬಿಟ್ಟಿತು. ಆಮೇಲೆ ಟಿಂಚರಿನ ಅಂಚು ಸಡಿಲವಾಯಿತು, ಆಮೇಲೆ ನಡು. ಅರ್ಧ ಗಂಟೆಯಲ್ಲಿ ಕೋಟು ಹೊಸದರಂತಾಯಿತು.

ಕಲೆಯಕ್ಕ ಮೇಜಿನ ಮೂಲೆಯ ಕಟ್ಟಿನಿಂದ ಒಂದು ಚೀಟಿ ಹರಿದಳು. ಹನ್ನೆರಡನೆಯದು. ಅದನ್ನು ಪಿನ್ನು ಮಾಡಬೇಕಾದ, ಹೋಗದ ಕಲೆ ಯಾವ ಬಟ್ಟೆಯ ಮೇಲೂ ಇರಲಿಲ್ಲ. ಒಂದಷ್ಟು ಹೊತ್ತು ಕೈಯಲ್ಲೇ ಹಿಡಿದಿದ್ದು, ಆಮೇಲೆ ಅದರಲ್ಲೇ ಬೆರಳಿನ ಒದ್ದೆ ಒರೆಸಿ ಬುಟ್ಟಿಗೆ ಹಾಕಿ, ಕೆಮ್ಮು ಬಂದು ಹೋಗುವುದನ್ನು ಕಾದು, ಮುಂದಿನ ಕೋಟನ್ನು ಎಳೆದುಕೊಂಡಳು.